ಕಾಫಿ ಕಣದಲ್ಲಿ ಕಾರು ನಿಲ್ಲಿಸಿ ಸೀಟು ಕಟ್ಟಿದೆವು: ಮಗುವಿನ ಕಾರ್ ಸೀಟ್, ಎರಡೂವರೆ ವರ್ಷದ ನಂತರ

ನಮ್ಮ ಮನೆ ಮಾದಾಪುರದ ಹತ್ತಿರ. ನನ್ನ ತವರು ಸುಳ್ಯ. ಮಗನ ಇಂಜೆಕ್ಷನ್‌ಗೆ ಮಡಿಕೇರಿ, ಅಜ್ಜಿ ಮನೆಗೆ ಸಂಪಾಜೆ ಘಾಟಿ. ಎಲ್ಲಿಗೆ ಹೊರಟರೂ ತಿರುವುಗಳೇ. ಹಾಗಾಗಿ ಅವನು ಹುಟ್ಟುವ ಮೊದಲೇ ಕಾರ್ ಸೀಟ್ ತಂದಿಟ್ಟಿದ್ದೆವು. ಹುಟ್ಟಿದ ದಿನದಿಂದ 18 ಕೆ.ಜಿ. ತನಕ ಬಳಸಬಹುದಾದ, ಕಾರಿನ ಬೆಲ್ಟ್‌ನಿಂದ ಕಟ್ಟುವ ಸೀಟು. ನಮ್ಮದು ಹಳೆಯ ಸಣ್ಣ ಕಾರು, ಬೆಲ್ಟ್ ಬದಲು ಮಗುವಿನ ಸೀಟನ್ನು ನೇರ ಕಾರಿಗೇ ಸಿಗಿಸುವ ಐಸೋಫಿಕ್ಸ್ ಕೊಂಡಿಗಳಿಲ್ಲ.

ಸೀಟು ಚೆನ್ನಾಗಿದೆ. ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಆದರೆ ಮೊದಲ ಐದು ತಿಂಗಳು ನಾವು ಅದನ್ನು ತಪ್ಪಾಗಿ ಕಟ್ಟಿದ್ದೆವು. ನಾನು ಇದನ್ನು ಬರೆಯುತ್ತಿರುವುದೇ ಅದಕ್ಕಾಗಿ.

ಅಂಗಡಿಯ ಹುಡುಗ ಐದೇ ನಿಮಿಷದಲ್ಲಿ ಕಟ್ಟಿಕೊಟ್ಟಿದ್ದ. ನಾವೂ ನಂಬಿದೆವು. ಒಂದು ದಿನ ಸುಳ್ಯಕ್ಕೆ ಹೋಗುವಾಗ ಘಾಟಿಯ ತಿರುವಿನಲ್ಲಿ ಇಡೀ ಸೀಟು ಬಾಗಿಲ ಕಡೆ ವಾಲಿತು. ಹಿಂದೆ ಕೂತಿದ್ದ ನಾನು ಕೈ ಕೊಟ್ಟು ಹಿಡಿದೆ. ನೋಡಿದರೆ ಮಗುವಿನ ಗದ್ದ ಎದೆಗೆ ಒತ್ತಿಕೊಂಡಿತ್ತು. ಸಣ್ಣ ಮಕ್ಕಳ ಕುತ್ತಿಗೆಗೆ ಬಲ ಕಡಿಮೆ, ಹಾಗೆ ಮಡಚಿಕೊಂಡರೆ ಉಸಿರಿನ ದಾರಿಯೇ ಮುಚ್ಚಬಹುದು. ಗಾಡಿ ನಿಲ್ಲಿಸಿ ಅವನನ್ನು ಎತ್ತಿಕೊಂಡೆ. ಆಮೇಲೂ ಎಷ್ಟೋ ಹೊತ್ತು ನನ್ನ ಕೈ ನಡುಗುತ್ತಿತ್ತು.

ಮನೆಗೆ ಬಂದ ಮೇಲೆ ಸೀಟಿನ ಜೊತೆ ಬಂದಿದ್ದ ಪುಸ್ತಕವನ್ನು ಇಬ್ಬರೂ ಕೂತು ಮೊದಲಿನಿಂದ ಓದಿದೆವು. ಒಂದಲ್ಲ, ಮೂರು ತಪ್ಪು ಸಿಕ್ಕವು.

ಮೊದಲನೆಯದು ಬೆಲ್ಟ್‌ನ ದಾರಿ. ಮಗು ಹಿಂದಕ್ಕೆ ಮುಖ ಮಾಡಿ ಕೂರುವಾಗ ನೀಲಿ ಗುರುತಿನ ದಾರಿ, ಮುಂದಕ್ಕೆ ಮುಖ ಮಾಡಿದರೆ ಕೆಂಪು. ನಮ್ಮ ಸೀಟಿನಲ್ಲಿ ಸೊಂಟದ ಬೆಲ್ಟ್ ನೀಲಿ ಕಂಡಿಗಳಲ್ಲಿ ಹೋಗಬೇಕು, ಭುಜದ ಬೆಲ್ಟ್ ಸುತ್ತಿ ಬಂದು ಬೆನ್ನ ಹಿಂದಿನ ನೀಲಿ ಕೊಕ್ಕೆಗೆ ಸಿಗಬೇಕು. ಆ ಕೊಕ್ಕೆಗೆ ಬೆಲ್ಟ್ ಹಾಕಿಯೇ ಇರಲಿಲ್ಲ!

ಎರಡನೆಯದು ಓರೆ. ಸೀಟಿನ ಪಕ್ಕದಲ್ಲಿ ಒಂದು ಗೆರೆ ಇದೆ. ಅದು ನೆಲಕ್ಕೆ ಸಮವಾಗಿ ನಿಲ್ಲಬೇಕು. ಆಗ ಮಗು ಸರಿಯಾಗಿ ಒರಗುತ್ತದೆ, ತಲೆ ಮುಂದಕ್ಕೆ ಬೀಳುವುದಿಲ್ಲ. ಆದರೆ ಗೆರೆ ನೋಡಲು ಕಾರೇ ಸಮತಟ್ಟಾಗಿ ನಿಂತಿರಬೇಕಲ್ವಾ? ನಮ್ಮ ಅಂಗಳ ಇಳಿಜಾರು, ಗೇಟಿನ ದಾರಿಯೂ ಇಳಿಜಾರು. ಕೊನೆಗೆ ಮಾವನೇ ಕಾಫಿ ಒಣಗಿಸುವ ಕಣ ತೋರಿಸಿದರು. ಕೊಯ್ಲು ಮುಗಿದು ಖಾಲಿ ಇತ್ತು. ಸಿಮೆಂಟಿನ ಕಣದ ಮೇಲೆ ಕಾರು ನಿಲ್ಲಿಸಿ ನೋಡಿದರೆ ಸೀಟು ತುಂಬಾ ನೆಟ್ಟಗೆ ನಿಂತಿತ್ತು. ಪುಸ್ತಕದಲ್ಲಿ ಹೇಳಿದಂತೆ ಟವೆಲ್ ಸುರುಳಿ ಇಟ್ಟು ಸರಿ ಮಾಡಿದೆವು. ಎಲ್ಲ ಸೀಟಿಗೂ ಇದು ನಡೆಯುವುದಿಲ್ಲ, ನಿಮ್ಮದರ ಪುಸ್ತಕ ನೋಡಿಯೇ ಮಾಡಿ.

ಮತ್ತೆ ಬಿಗಿ. ನನ್ನ ಗಂಡ ಸೀಟಿನ ಮೇಲೆ ಮೊಣಕಾಲೂರಿ ಪೂರ್ತಿ ಭಾರ ಹಾಕಿದರು, ನಾನು ಬೆಲ್ಟ್ ಎಳೆದೆ. ಮೊದಲು ಸೊಂಟದ ಭಾಗ, ಆಮೇಲೆ ಭುಜದ ಭಾಗ. ಬೆಲ್ಟ್ ಎಲ್ಲೂ ತಿರುಚಿಕೊಂಡಿರಬಾರದು. ಬೆಲ್ಟ್ ಹಾದುಹೋಗುವ ಜಾಗದಲ್ಲೇ ಸೀಟನ್ನು ಹಿಡಿದು ಅಲ್ಲಾಡಿಸಿದರೆ ಒಂದು ಇಂಚಿಗಿಂತ ಜಾಸ್ತಿ ಅಲುಗಬಾರದು. ಈಗ ಪ್ರತಿ ಸಲ ಹೊರಡುವ ಮುಂಚೆ ಇದನ್ನು ನೋಡುತ್ತೇನೆ.

ಮೂರನೆಯದು ಸ್ವೆಟರ್. ನಮ್ಮಲ್ಲಿ ಡಿಸೆಂಬರ್ ಚಳಿ ಗೊತ್ತಲ್ಲ. ದಪ್ಪ ಸ್ವೆಟರ್ ಹಾಕಿ ಅದರ ಮೇಲೆ ಸೀಟಿನ ಪಟ್ಟಿ ಬಿಗಿಯುತ್ತಿದ್ದೆವು. ಡಿಕ್ಕಿಯಾದಾಗ ಉಣ್ಣೆ ಅಮುಕಿಕೊಂಡು ಪಟ್ಟಿ ಸಡಿಲವಾಗುತ್ತದೆ, ಮಗು ಜಾರಿಬಿಡಬಹುದು. ಈಗ ತೆಳು ಅಂಗಿಯಲ್ಲೇ ಕೂರಿಸಿ, ಪಟ್ಟಿ ಬಿಗಿದು, ಮೇಲೆ ಕಂಬಳಿ ಹೊದಿಸುತ್ತೇನೆ. ಹೆಗಲ ಹತ್ತಿರ ಪಟ್ಟಿಯನ್ನು ಎರಡು ಬೆರಳಲ್ಲಿ ಚಿವುಟಿ ನೋಡಿ. ಮಡಿಕೆ ಸಿಕ್ಕರೆ ಇನ್ನೂ ಬಿಗಿಯಬೇಕು.

ಅತ್ತೆಗೆ ಮೊದಲು ಇದೆಲ್ಲ ಇಷ್ಟವಿರಲಿಲ್ಲ. "ನನ್ನ ಮಡಿಲಿಗಿಂತ ಗಟ್ಟಿಯಾ ಅದು?" ಅಂತ ಕೇಳಿದರು. ಅವರ ಪ್ರೀತಿ ಸುಳ್ಳಲ್ಲ. ಆದರೆ 50 ಕಿ.ಮೀ. ವೇಗದಲ್ಲಿ ಡಿಕ್ಕಿಯಾದರೆ ಮಗು ತನ್ನ ತೂಕದ ಹತ್ತಾರು ಪಟ್ಟು ಬಲದಿಂದ ಮುಂದಕ್ಕೆ ಹಾರುತ್ತದೆ. ಯಾರ ಕೈಗೂ ಅದನ್ನು ಹಿಡಿಯಲು ಆಗುವುದಿಲ್ಲ. ಈಗ ಅತ್ತೆ ಪಕ್ಕದಲ್ಲಿ ಕೂತು ಮೊಮ್ಮಗನ ಕೈ ಹಿಡಿದುಕೊಳ್ಳುತ್ತಾರೆ. ತೋಟದ ಜೀಪಿನಲ್ಲಿ ಮಾತ್ರ ಅವನನ್ನು ಕರೆದುಕೊಂಡು ಹೋಗುವುದಿಲ್ಲ. ಹಿಂದಿನ ಬೆಂಚಿಗೆ ಬೆಲ್ಟೇ ಇಲ್ಲ.

ಒಂದು ವರ್ಷ ತುಂಬಿದಾಗ ಎಲ್ಲರೂ "ಇನ್ನಾದ್ರೂ ಮುಂದಕ್ಕೆ ತಿರುಗಿಸಿ, ಕಾಲು ಮಡಚಿಕೊಂಡಿದೆ" ಅಂದರು. ನಾವು ತಿರುಗಿಸಲಿಲ್ಲ. ಮೈಯ ಅಳತೆಗೆ ಹೋಲಿಸಿದರೆ ಮಗುವಿನ ತಲೆಯ ಭಾರ ಜಾಸ್ತಿ, ಕುತ್ತಿಗೆ ಎಳೆಯದು. ಹಿಂದಕ್ಕೆ ಮುಖವಿದ್ದರೆ ಪೆಟ್ಟನ್ನು ಇಡೀ ಬೆನ್ನು ಹಂಚಿಕೊಳ್ಳುತ್ತದೆ. ಮಕ್ಕಳ ಸೀಟಿಗೆ ಯುರೋಪಿನ ಹೊಸ ನಿಯಮ ಆರ್129 ಪ್ರಕಾರ ಕನಿಷ್ಠ 15 ತಿಂಗಳ ತನಕ ಹಿಂದಕ್ಕೇ ಇರಬೇಕು. ನಮ್ಮದು ಅದಕ್ಕೂ ಹಿಂದಿನ ನಿಯಮವಾದ ಆರ್44/04ರ ಮಾದರಿ, 13 ಕೆ.ಜಿ. ತನಕ ಹಿಂದಕ್ಕೆ ಕೂರಿಸಬಹುದು. ಅಷ್ಟೂ ದಿನ ಹಾಗೇ ಕೂರಿಸಿದೆವು. ಸೀಟು ಹಿಂದಕ್ಕೆ ಮುಖ ಮಾಡಿರುವಾಗ ಜಾಗ ಜಾಸ್ತಿ ತಿನ್ನುತ್ತದೆ. ಮುಂದಿನ ಸೀಟಿನಲ್ಲಿ ಎತ್ತರದ ಮಾವನಿಗೆ ಕಾಲು ಚಾಚಲು ಆಗುತ್ತಿರಲಿಲ್ಲ. ಹಾಗಂತ ಏರ್‌ಬ್ಯಾಗ್ ಇರುವ ಮುಂದಿನ ಸೀಟಿನಲ್ಲಿ ಮಗುವನ್ನು ಹಿಂದಕ್ಕೆ ಮುಖ ಮಾಡಿ ಯಾವತ್ತೂ ಕೂರಿಸಬೇಡಿ. ಏರ್‌ಬ್ಯಾಗ್ ಬಿಚ್ಚಿಕೊಂಡರೆ ಮಗುವಿನ ಜೀವಕ್ಕೇ ಅಪಾಯ. ನಾವು ಹಿಂದಿನ ಎಡಗಡೆ ಕಟ್ಟಿದ್ದೇವೆ, ಇಳಿಸುವಾಗ ರಸ್ತೆಯ ಬದಿ ಸಿಗುತ್ತದೆ.

ನಾನು ಒಂದು ಅಂಕ ಕಡಿಮೆ ಮಾಡಿದ್ದು ಬಟ್ಟೆಗೆ. ಜುಲೈ ಮಳೆಯಲ್ಲಿ ಕವರ್ ಒಗೆದರೆ ನಾಲ್ಕು ದಿನವಾದರೂ ಒಣಗುವುದಿಲ್ಲ. ಒಂದು ಮಳೆಗಾಲದಲ್ಲಿ ಬೂಷ್ಟೂ ಬಂತು. ಘಾಟಿಯಲ್ಲಿ ಮಗ ವಾಂತಿ ಮಾಡಿದರೆ ಕವರ್ ತೆಗೆದು ಒಗೆಯಬಹುದು, ಪಟ್ಟಿಗಳನ್ನು ಮಾತ್ರ ಒದ್ದೆ ಬಟ್ಟೆಯಲ್ಲಿ ಒರೆಸಬೇಕು. ಸೋಪು ನೀರಲ್ಲಿ ನೆನೆಹಾಕಿದರೆ ಅದರ ಬಲ ಹೋಗಬಹುದು. ಬಕಲ್ ಒಳಗೆ ಬಿಸ್ಕತ್ ಪುಡಿ ಸೇರಿ ಎರಡು ಸಲ ಸರಿಯಾಗಿ ಕೂರಲಿಲ್ಲ.

ಕೊಳ್ಳುವವರು ಮೊದಲು ನಿಮ್ಮ ಕಾರಿನಲ್ಲೇ ಇಟ್ಟು ನೋಡಿ. ಕೆಲವು ಕಾರುಗಳ ಬೆಲ್ಟ್ ಗಿಡ್ಡ, ಸೀಟನ್ನು ಸುತ್ತಲು ಸಾಲುವುದಿಲ್ಲ. ಕಾರಿನಲ್ಲಿ ಐಸೋಫಿಕ್ಸ್ ಇದ್ದರೆ ಅಂಥದ್ದೇ ತಗೊಳ್ಳಿ, ತಪ್ಪು ಕಟ್ಟುವ ಸಾಧ್ಯತೆ ಕಡಿಮೆ. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯ ನಂತರ 14 ವರ್ಷದೊಳಗಿನ ಮಕ್ಕಳನ್ನು ಬೆಲ್ಟ್ ಅಥವಾ ಮಕ್ಕಳ ಸೀಟು ಇಲ್ಲದೆ ಕರೆದೊಯ್ದರೆ 1000 ರೂಪಾಯಿ ದಂಡವೂ ಇದೆ.

ಮಗನಿಗೆ ಈಗ ಎರಡು ವರ್ಷ ಎಂಟು ತಿಂಗಳು. ಮುಂದಕ್ಕೆ ಮುಖ ಮಾಡಿ, ಕೆಂಪು ದಾರಿಯಲ್ಲಿ ಕಟ್ಟಿದ ಸೀಟಿನಲ್ಲಿ ಕೂರುತ್ತಾನೆ. ಕುಶಾಲನಗರದ ನನ್ನ ತಂಗಿಗೆ ಈಗ ಏಳು ತಿಂಗಳು. ಅವಳೂ ಒಂದು ಸೀಟು ತಂದಿದ್ದಾಳೆ. ಬರುವ ಭಾನುವಾರ ಕಾರನ್ನು ನಮ್ಮ ಕಣಕ್ಕೇ ತರಲು ಹೇಳಿದ್ದೇನೆ, ಪುಸ್ತಕದ ಜೊತೆಗೆ.