ಬಡ್ಜಿಯನ್ನೇ ‘ಅಪರೂಪದ ಪ್ಯಾರಕೀಟ್’ ಅಂತ ಮಾರುತ್ತಿದ್ದಾರೆ, ದುಡ್ಡು ಕಳಿಸುವ ಮೊದಲು ಓದಿ

ಆನ್‌ಲೈನ್‌ನಲ್ಲಿ ‘ಅಪರೂಪದ ಆಸ್ಟ್ರೇಲಿಯನ್ ಪ್ಯಾರಕೀಟ್, ಗಂಡು ಮರಿ, ಮಾತು ಕಲಿಯುತ್ತೆ’ ಅನ್ನುವ ಜಾಹೀರಾತು ಕಂಡರೆ ದಯವಿಟ್ಟು ತಡೆಯಿರಿ. ಬಡ್ಜಿಯ ಬೆಲೆಯ ಹಲವು ಪಟ್ಟು ಕೊಟ್ಟ ಮೇಲೆ ನನ್ನ ಮನೆಗೆ ಬಂದದ್ದು ಬಡ್ಜಿಯೇ. ಎಷ್ಟೋ ಜನ ಲವ್ ಬರ್ಡ್ಸ್ ಅಂತ ತಪ್ಪಾಗಿ ಕರೆಯುತ್ತಾರಲ್ಲ, ಅದೇ ಪುಟ್ಟ ಗಿಳಿ. ಅದೂ ಮರಿ ಅಲ್ಲ, ಗಂಡೂ ಅಲ್ಲ!

ಸುಮ್ನೆ ಫೋಟೋ ನೋಡಿ ದುಡ್ಡು ಕಳಿಸಿದವಳಲ್ಲ ನಾನು. ಫೋಟೋದಲ್ಲಿ ಮುಖ ಮಾತ್ರ ಇತ್ತು, ಬಾಲ ಕಾಣುತ್ತಿರಲಿಲ್ಲ, ಹಕ್ಕಿ ಎಷ್ಟು ದೊಡ್ಡದು ಅಂತ ಗೊತ್ತಾಗುತ್ತಿರಲಿಲ್ಲ. ಅದಕ್ಕೇ ನೇರವಾಗಿ ‘ಇದು ಬಡ್ಜಿ ತಾನೇ?’ ಅಂತ ಕೇಳಿದೆ. ‘ಅಯ್ಯೋ ಇಲ್ಲ ಮೇಡಂ, ಬಡ್ಜಿ ಬೇರೆ, ಪ್ಯಾರಕೀಟ್ ಬೇರೆ. ಇದು ದೊಡ್ಡ ಜಾತಿ, ಇನ್ನೂ ಬೆಳೆಯುತ್ತೆ’ ಅಂತ ಉತ್ತರ ಬಂತು. ಆ ಮೆಸೇಜ್ ಈಗಲೂ ನನ್ನ ಫೋನಿನಲ್ಲಿದೆ.

ಮಾತಾಡುವ ದೊಡ್ಡ ಗಿಳಿ ಬರುತ್ತದೆ ಅಂತ ಮನೆಯವರಿಗೆಲ್ಲ ಹೇಳಿದ್ದೆ, ದೊಡ್ಡ ಪಂಜರವೂ ತಂದಿಟ್ಟಿದ್ದೆ. ಹಕ್ಕಿ ಸಾಕುವ ಗೆಳತಿಯೊಬ್ಬಳು ಬಂದವಳೇ ‘ಇದು ಬಡ್ಜಿ ಕಣೇ, ಬೆಳೆದ ಹೆಣ್ಣು’ ಅಂದುಬಿಟ್ಟಳು. ಎಲ್ಲರ ಎದುರಿಗೆ. ತಲೆ ಎತ್ತಲಾಗಲಿಲ್ಲ ನನಗೆ. ಮರಿಗೆ ಹಣೆಯ ಗೆರೆಗಳು ಕೊಕ್ಕಿನವರೆಗೂ ಇರುತ್ತವೆ, ಮೂರು ನಾಲ್ಕು ತಿಂಗಳಾಗಿ ಮೊದಲ ಸಲ ಪುಕ್ಕ ಉದುರಿದಾಗ ಹೋಗುತ್ತವೆ, ಇದರ ಹಣೆಯಲ್ಲಿ ಒಂದು ಗೆರೆಯೂ ಇಲ್ಲ. ಕಣ್ಣಿನಲ್ಲಿ ಬಿಳಿ ಉಂಗುರ, ಅದು ಬರುವುದೇ ಬೆಳೆದ ಮೇಲೆ. ಕೊಕ್ಕಿನ ಮೇಲೆ ಮೂಗಿನ ತೂತುಗಳಿರುವ ಜಾಗ ಬೆಳೆದ ಗಂಡಿಗೆ ನೀಲಿ, ಇದಕ್ಕೆ ಗಟ್ಟಿ ಕಂದು. (ಪೂರ್ತಿ ಬಿಳಿ ಅಥವಾ ಪೂರ್ತಿ ಹಳದಿ ಬಡ್ಜಿಗಳಲ್ಲಿ ಗಂಡಿಗೂ ಅದು ನೀಲಿಯಾಗದೆ ಗುಲಾಬಿಯಾಗೇ ಉಳಿಯುತ್ತದೆ, ಅಲ್ಲಿ ಈ ಗುರುತು ನಂಬಬೇಡಿ. ನಮ್ಮದು ಹಸಿರು.) ಅಂದರೆ ಫೋಟೋದಲ್ಲಿದ್ದ ಗೆರೆ ಹಣೆಯ ಮರಿ ಬೇರೆಯೇ ಹಕ್ಕಿ.

ಮಾರಿದವರಿಗೆ ಬರೆದೆ. ಬಂದ ಉತ್ತರ ನೋಡಿ: ‘ಮೇಡಂ, ಬಡ್ಜಿನೂ ಪ್ಯಾರಕೀಟೇ ಅಲ್ವಾ? ನಾನೆಲ್ಲಿ ಸುಳ್ಳು ಹೇಳಿದ್ದೀನಿ? ಬೇಕಾದ್ರೆ ಹುಡುಕಿ ನೋಡಿ.’

ಹುಡುಕಿದೆ. ಆ ಮಾತು ನಿಜ, ನನಗೆ ಮೈ ಉರಿದದ್ದೇ ಅದಕ್ಕೆ. ಪ್ಯಾರಕೀಟ್ ಅಂದರೆ ಒಂದು ಜಾತಿ ಅಲ್ಲವೇ ಅಲ್ಲ. ಉದ್ದ ಬಾಲದ, ಸಣ್ಣ ಅಥವಾ ಮಧ್ಯಮ ಗಾತ್ರದ ಎಷ್ಟೋ ಗಿಳಿಗಳಿಗೆ ಸೇರಿಸಿ ಹಾಗೆ ಕರೆಯುತ್ತಾರೆ. ಕೊರಳಲ್ಲಿ ಗುಲಾಬಿ ಪಟ್ಟಿ ಇರುವ ಹಸಿರು ಗಿಳಿ ಪ್ಯಾರಕೀಟ್, ಬಾಲ ಸೇರಿ ಸುಮಾರು 40 ಸೆಂ.ಮೀ. ಅಲೆಕ್ಸಾಂಡ್ರಿನ್ ಪ್ಯಾರಕೀಟ್ ಅದಕ್ಕಿಂತ ದೊಡ್ಡದು. ಆಸ್ಟ್ರೇಲಿಯಾದ ಒಣ ಬಯಲಿನ ಬಡ್ಜಿಯೂ ಪ್ಯಾರಕೀಟ್, ಆದರೆ ಬರೀ 18 ಸೆಂ.ಮೀ., 30-40 ಗ್ರಾಂ. ಎಲ್ಲ ಬಡ್ಜಿಗಳೂ ಪ್ಯಾರಕೀಟ್, ಎಲ್ಲ ಪ್ಯಾರಕೀಟ್‌ಗಳೂ ಬಡ್ಜಿ ಅಲ್ಲ. ಇದನ್ನೇ ಹಿಡಿದುಕೊಂಡು ಆಟ ಆಡುತ್ತಾರೆ. ಮಾರುವಾಗ ಬೇರೆ ಬೇರೆ, ದುಡ್ಡು ಕೈಗೆ ಬಂದ ಮೇಲೆ ಎರಡೂ ಒಂದೇ! ಇನ್ನು ‘ಅಪರೂಪ’ ಅನ್ನುವುದು ಶುದ್ಧ ಸುಳ್ಳು. ಇಂಗ್ಲೆಂಡಿನ ಪಕ್ಷಿತಜ್ಞ ಜಾನ್ ಗೌಲ್ಡ್ 1840ರಲ್ಲೇ ಜೀವಂತ ಬಡ್ಜಿಗಳನ್ನು ಇಂಗ್ಲೆಂಡಿಗೆ ತಂದರು, ಈಗ ಪ್ರಪಂಚದಲ್ಲೇ ಅತಿ ಜಾಸ್ತಿ ಸಾಕುವ ಹಕ್ಕಿಗಳಲ್ಲಿ ಇದೂ ಒಂದು.

‘ಬಡ್ಜಿ ಬೇರೆ ಅಂತ ನೀವೇ ಬರೆದಿದ್ದೀರಲ್ಲ’ ಅಂದೆ. ‘ಅದು ಟೈಪ್ ಮಾಡುವಾಗ ತಪ್ಪಾಗಿದೆ.’ ಗಂಡು ಅಂದಿರಲ್ಲ? ‘ಹೆಣ್ಣೂ ಮಾತಾಡುತ್ತೆ ಮೇಡಂ, ನೀವು ಕಲಿಸಬೇಕು.’ ಹೆಣ್ಣು ಕಲಿಯುವುದೇ ಇಲ್ಲ ಅಂತಲ್ಲ, ಆದರೆ ಮಾತು ಕಲಿಯುವುದರಲ್ಲಿ ಗಂಡೇ ಮುಂದು, ಅದು ಅವರಿಗೂ ಗೊತ್ತು. ಬೆಳೆಯುತ್ತೆ ಅಂದಿರಲ್ಲ? ‘ಚೆನ್ನಾಗಿ ಕಾಳು ಹಾಕಿ.’ ಕಾಳು ಹಾಕಬೇಕಂತೆ! ಬೆಳೆದು ಮುಗಿದ ಹಕ್ಕಿಗೆ! ದುಡ್ಡು ವಾಪಸ್ ಕೇಳಿದ ತಕ್ಷಣ ನನ್ನ ನಂಬರ್ ಬ್ಲಾಕ್ ಮಾಡಿದರು.

ಯಾರಾದರೂ ಬರೀ ‘ಪ್ಯಾರಕೀಟ್’ ಅಂದರೆ ಒಪ್ಪಬೇಡಿ, ಯಾವ ಪ್ಯಾರಕೀಟ್ ಅಂತ ಬರೆಸಿಕೊಳ್ಳಿ. ವೈಜ್ಞಾನಿಕ ಹೆಸರನ್ನೂ ಕೇಳಿ, ‘ಮೆಲೊಪ್ಸಿಟಾಕಸ್ ಅಂಡುಲಾಟಸ್’ ಅಂದರೆ ಅದು ಬಡ್ಜಿ. ಬಾಲ, ಹಣೆ, ಪಕ್ಕದಲ್ಲಿ ಮನುಷ್ಯರ ಕೈ, ಇಷ್ಟೂ ಕಾಣುವ ವಿಡಿಯೋ ಕಳಿಸಲು ಹೇಳಿ. ನೆಪ ಹೇಳಿದರೆ ಅಲ್ಲಿಗೇ ಬಿಡಿ.

ಪಾಪ, ಹಕ್ಕಿಯದೇನೂ ತಪ್ಪಿಲ್ಲ, ಅದು ನಮ್ಮಲ್ಲೇ ಇರುತ್ತದೆ. ಆದರೆ ಅದೇ ಫೋಟೋ ಹಾಕಿದ ಜಾಹೀರಾತು ಮತ್ತೆ ಬಂದಿದೆ, ಈ ಸಲ ‘ಮಿನಿ ಪ್ಯಾರಟ್’ ಅಂತ. ದಯವಿಟ್ಟು ಯಾರೂ ಅಡ್ವಾನ್ಸ್ ಕಳಿಸಬೇಡಿ.