ಹಳೇ ಎಂಜಿಬಿ ತಗೊಳ್ಳೋ ಮುಂಚೆ ಇದನ್ನ ಓದಿ. ನನಗೆ ಟೋಪಿ ಬಿದ್ದಾಯ್ತು

ಬರೆಯೋಕೆ ನಾಚಿಕೆ ಆಗುತ್ತೆ. ಆದರೂ ಬರೆಯುತ್ತಿದ್ದೇನೆ, ಯಾಕಂದ್ರೆ ಇಲ್ಲಿ ಇಂಗ್ಲೆಂಡಿನಲ್ಲಿರೋ ನಮ್ಮವರು ಇಬ್ಬರು ಈಗಾಗಲೇ "ನಾವೂ ಒಂದು ಹಳೇ ಸ್ಪೋರ್ಟ್ಸ್ ಕಾರ್ ತಗೋಬೇಕು, ಹೇಗೆ?" ಅಂತ ನನ್ನನ್ನೇ ಕೇಳಿದ್ದಾರೆ. ನನ್ನನ್ನ!

ನಾನು ತಗೊಂಡಿದ್ದು ಎಂಜಿ ಕಂಪನಿಯ ಹಳೇ ಸ್ಪೋರ್ಟ್ಸ್ ಕಾರು, 1972ರ ಎಂಜಿಬಿ ರೋಡ್‌ಸ್ಟರ್. ಕೆಂಪು ಬಣ್ಣ, ಕ್ರೋಮ್ ಬಂಪರ್. 8,500 ಪೌಂಡ್. ಊರಿಗೆ ಫೋನ್ ಮಾಡಿ ಎಂಜಿ ತಗೊಂಡೆ ಅಂದರೆ ಅಪ್ಪ "ಹೆಕ್ಟರಾ?" ಅಂದರು. ಅದನ್ನೇ ತಗೊಂಡಿದ್ದರೆ ಚೆನ್ನಾಗಿತ್ತು.

ನಾನೇನು ಓದದೇ ಹೋಗಿರಲಿಲ್ಲ. 1,798 ಸಿಸಿ ಎಂಜಿನ್, ಎರಡು ಎಸ್‌ಯು ಕಾರ್ಬುರೇಟರ್, ಲೂಕಸ್ ವೈರಿಂಗ್ ಕಾಟ, ಎಲ್ಲ ಬಾಯಿಪಾಠ. ಆದರೆ ಓದಬೇಕಾಗಿದ್ದು ತುಕ್ಕಿನ ಬಗ್ಗೆ. ಎಂಜಿನ್ ಸಾಮಾನು ಇವತ್ತಿಗೂ ಹೊಸದು ಸಿಗುತ್ತೆ. ಈ ಕಾರಿಗೆ ಬೇರೆ ಚಾಸಿ ಇಲ್ಲ, ಮೇಲೆ ಚಾವಣಿಯೂ ಇಲ್ಲ. ಬಾಗಿಲ ಕೆಳಗೆ ಹೊಸ್ತಿಲಿನ ಹಾಗೆ ಹೋಗುವ ಸಿಲ್‌ಗಳೇ ಕಾರನ್ನು ಹಿಡಿದು ನಿಲ್ಲಿಸೋದು. ಅವು ಕೊಳೆತರೆ ಕಾರು ನಡುವೆಯೇ ಬಾಗುತ್ತೆ.

ಮಾರಿದವನು ವಯಸ್ಸಾದ ಮನುಷ್ಯ. ಜಲ್ಲಿ ಹಾಕಿದ ಅಂಗಳ. ಹೋದ ತಕ್ಷಣ ಟೀ ಕೊಟ್ಟ. "ಹನ್ನೊಂದು ವರ್ಷದಿಂದ ಇದೆ, ಮಗನ ಹಾಗೆ ಸಾಕಿದ್ದೀನಿ" ಅಂದ. ಬಾನೆಟ್ ಮುಟ್ಟಿದೆ, ಬಿಸಿ ಇತ್ತು. "ನಿಮಗೋಸ್ಕರ ಮೊದಲೇ ಸ್ಟಾರ್ಟ್ ಮಾಡಿಟ್ಟೆ" ಅಂದ. ನಾನು ಥ್ಯಾಂಕ್ಸ್ ಹೇಳಿದೆ! ತಣ್ಣಗಿದ್ದಾಗ ಸ್ಟಾರ್ಟ್ ಆಗೋ ಕಷ್ಟ ಮುಚ್ಚೋಕೆ ಇದಕ್ಕಿಂತ ಹಳೇ ಉಪಾಯ ಇಲ್ಲ, ಅದಕ್ಕೆ ಥ್ಯಾಂಕ್ಸ್ ಹೇಳಿದೆ. ಜಾಕಿ ಹಾಕಿ ನೋಡಲಾ ಅಂದೆ. "ಜಲ್ಲಿ ಮೇಲೆ ಜಾರುತ್ತೆ, ಬೇಡ. ಸಿಲ್ ಎರಡೂ ಹೊಸದು ಹಾಕಿಸಿದ್ದೀನಿ" ಅಂದ. ಬಿಲ್ ಕೇಳಲಿಲ್ಲ. ಟೀ ಕುಡಿದಿದ್ದೆನಲ್ಲ, ಸಂಕೋಚ.

ಒಂಬತ್ತನೇ ದಿನ ಮುಂದಿನ ಚಕ್ರ ತಿರುಗೋ ಕೀಲಿಗೆ, ಅಂದರೆ ಕಿಂಗ್‌ಪಿನ್‌ಗೆ ಗ್ರೀಸ್ ಹೊಡೆಸೋಕೆ ಅಂತ ಗ್ಯಾರೇಜಿಗೆ ಒಯ್ದೆ. ಮೆಕ್ಯಾನಿಕ್ ಬಾಗಿಲು ತೆಗೆದಿಟ್ಟು ಜಾಕಿ ಏರಿಸಿದ. "ಈಗ ಬಾಗಿಲು ಹಾಕಿ" ಅಂದ. ಹಾಕಿದೆ. ಕೂರಲಿಲ್ಲ. ಇನ್ನೊಮ್ಮೆ ಹಾಕಿದೆ. ಕೂರಲಿಲ್ಲ. ಅವನು ಏನೂ ಹೇಳಲಿಲ್ಲ, ಸ್ಕ್ರೂಡ್ರೈವರ್ ತಗೊಂಡು ಸಿಲ್‌ಗೆ ಒತ್ತಿದ. ಹಿಡಿಯವರೆಗೂ ಒಳಗೆ ಹೋಯ್ತು. ಬೆಣ್ಣೆಗೆ ಹೋದ ಹಾಗೆ. ಪುಟ್ಟಿ, ಅದರ ಮೇಲೆ ಹೊಸ ಪೇಂಟ್. ಹಳೇ ತುಕ್ಕಿನ ಮೇಲೇ ತೆಳು ತಗಡು ಮುಚ್ಚಿ ಬೆಸುಗೆ ಹಾಕಿದ್ದರು. ಮೇಲೆ ಥಳಕು, ಒಳಗೆ ಹುಳುಕು ಅಂತಾರಲ್ಲ, ಅದೇ. ಎರಡೂ ಕಡೆ ಸಿಲ್ ಒಳಗಿನದು ಹೊರಗಿನದು, ಸಿಲ್ ಕೆಳಗಿನ ಕ್ಯಾಸಲ್ ರೈಲ್ ಅನ್ನೋ ಪಟ್ಟಿ, ಫ್ಲೋರ್ ಎಲ್ಲ ಸೇರಿ 6,000 ಪೌಂಡ್ ಅಂದ. ನಾನು ಅಲ್ಲೇ ಟೈರ್ ಮೇಲೆ ಕೂತೆ.

ಮನೆಗೆ ಬಂದು ಸಿಟ್ಟಿಗೆ ಫ್ರಿಜ್ಜಿನ ಮೇಲಿನ ಜಂಬೂಸವಾರಿ ಆನೆ ಮ್ಯಾಗ್ನೆಟ್ ಕಿತ್ತು ಇನ್ನೊಂದು ಸಿಲ್‌ಗೆ ಹಚ್ಚಿದೆ. ಆನೆ ನೆಲಕ್ಕೆ ಬಿತ್ತು. ಹೆಂಡತಿ ನೋಡುತ್ತಿದ್ದಳು. ಏನೂ ಅನ್ನಲಿಲ್ಲ, ಅದೇ ಜಾಸ್ತಿ ಆಯ್ತು.

ಮಾರಿದವನಿಗೆ ಮೆಸೇಜ್ ಹಾಕಿದೆ. ಉತ್ತರ: "ಐವತ್ತು ವರ್ಷದ ಕಾರಲ್ವಾ, ತುಕ್ಕು ಇರದೇ ಇರುತ್ತಾ?"

ಸಿಲ್ ಹೊಸದು ಅಂದಿದ್ರಲ್ಲ ಅಂದೆ. "ಹೊಸ ಪೇಂಟ್ ಅಂದಿದ್ದೆ. ನೀವು ತಪ್ಪು ಕೇಳಿಸಿಕೊಂಡಿರಬೇಕು."

ತಪ್ಪು ಕೇಳಿಸಿಕೊಂಡೆನಂತೆ! ಇಪ್ಪತ್ತು ವರ್ಷದಿಂದ ಇವರ ಇಂಗ್ಲಿಷಲ್ಲೇ ಕೆಲಸ ಮಾಡುತ್ತಿದ್ದೇನೆ.

ಕೊನೆಯದು: "ನೋಡಿ ತಗೊಂಡಿದ್ದೀರಿ. ಖಾಸಗಿ ಮಾರಾಟ. ಕಾರನ್ನ ಎಂಜಾಯ್ ಮಾಡಿ." ಜೊತೆಗೆ ಒಂದು ಹೆಬ್ಬೆರಳಿನ ಚಿತ್ರ. ಜಾಹೀರಾತು ಅಷ್ಟರಲ್ಲಿ ಡಿಲೀಟ್. ನಾನು ಸ್ಕ್ರೀನ್‌ಶಾಟ್ ಇಟ್ಟಿರಲಿಲ್ಲ.

ಆ ರಾತ್ರಿ ಇನ್ನೊಂದು ನೋಡಿದೆ. ನಲವತ್ತು ವರ್ಷ ದಾಟಿದ ಕಾರಿಗೆ ಇಲ್ಲಿ 2018ರಿಂದ ಎಂಒಟಿ, ಅಂದರೆ ವರ್ಷಕ್ಕೊಮ್ಮೆ ಮಾಡಿಸೋ ಗಾಡಿ ತಪಾಸಣೆ, ಕಡ್ಡಾಯ ಇಲ್ಲ, ಗೊತ್ತಲ್ಲ. ಆದರೆ ಹಳೇ ಎಂಒಟಿ ದಾಖಲೆ ಸರ್ಕಾರದ ಸೈಟಿನಲ್ಲಿ ಹಾಗೇ ಇರುತ್ತೆ. ನಂಬರ್ ಪ್ಲೇಟ್ ಹಾಕಿದರೆ ಸಾಕು, ಪುಕ್ಕಟೆ. ಹಾಕಿದೆ. 2016ರಲ್ಲಿ ಫೇಲ್. ಕಾರಣ, ಸೀಟ್ ಬೆಲ್ಟ್ ಕೂರುವ ಜಾಗದ ಹತ್ತಿರ ತುಕ್ಕು. ಎರಡು ನಿಮಿಷದ ಕೆಲಸ. ಎರಡೇ ನಿಮಿಷ! ಕೊಳ್ಳೋ ಮುಂಚೆ ಮಾಡಲಿಲ್ಲ.

ಹಾಗಾಗಿ ದಯವಿಟ್ಟು ಮ್ಯಾಗ್ನೆಟ್ ಒಯ್ಯಿರಿ, ತಣ್ಣಗಿರೋ ಎಂಜಿನ್ ಕೇಳಿ, ಜಾಕಿ ಬೇಡ ಅಂದವನ ಮನೆಯಿಂದ ಎದ್ದು ಬನ್ನಿ. ಕಡ್ಡಾಯ ಇಲ್ಲದಿದ್ದರೂ ಹೊಸ ಎಂಒಟಿ ಮಾಡಿಸಿಕೊಡಿ ಅನ್ನಿ, 54.85 ಪೌಂಡ್ ಮೀರಲ್ಲ. ಟೀ ಮಾತ್ರ ಕುಡಿಯಬೇಡಿ.

ಇನ್ನೂ ಒಂದು ವಿಷಯ. ವ್ಯಾಪಾರಿಯ ಹತ್ತಿರ ತಗೊಂಡ ಕಾರಿನಲ್ಲಿ ಹೀಗೆ ದೋಷ ಇದ್ದರೆ 30 ದಿನದೊಳಗೆ ವಾಪಸ್ ಕೊಟ್ಟು ಹಣ ಕೇಳೋ ಹಕ್ಕಿದೆ. ಖಾಸಗಿಯವರ ಹತ್ತಿರ ತಗೊಂಡರೆ ಆ ಹಕ್ಕಿಲ್ಲ. ಅದನ್ನೇ ನಂಬಿಕೊಂಡು ಅವನು ಹೆಬ್ಬೆರಳು ಕಳಿಸಿದ್ದು.

ಮೊನ್ನೆ ಹಸಿರು ಎಂಜಿಬಿ ಜಿಟಿಯ (ಇದೇ ಕಾರಿನ ಚಾವಣಿ ಇರೋ ಮಾದರಿ) ಒಂದು ಜಾಹೀರಾತು ಕಣ್ಣಿಗೆ ಬಿತ್ತು. ಫೋಟೋದಲ್ಲಿ ಅದೇ ಜಲ್ಲಿ, ಅದೇ ಗೇಟು. ಗೆಳೆಯನ ಫೋನಿನಿಂದ ಕರೆ ಮಾಡಿ "ಕಾರಿನ ಬಗ್ಗೆ ಕೇಳೋಣ ಅಂತ" ಅಂದೆ, ಅಷ್ಟೇ.

"ಯಾವ ಕಾರು?" ಅಂದ.

ಕಾರು ತಗೊಂಡು ಇವತ್ತಿಗೆ 19ನೇ ದಿನ. ಈ ಸಲ ಸ್ಕ್ರೀನ್‌ಶಾಟ್ ತೆಗೆದಿಟ್ಟಿದ್ದೇನೆ.