ಕರಿ ಪರದೆಯ ಹಿಂದಿನ ಕಪಾಟು

ಕಲಬುರಗಿಯ ಸೂಪರ್ ಮಾರ್ಕೆಟ್ ಹಿಂದಿನ ಗಲ್ಲಿಯೊಂದರಲ್ಲಿ ಹಳೆಯ ಪುಸ್ತಕಗಳನ್ನು ಬಾಡಿಗೆಗೆ ಕೊಡುವ ಅಂಗಡಿಯಿದೆ. ಬೋರ್ಡಿಲ್ಲ. ಒಂದು ಪಕ್ಕ ಚಪ್ಪಲಿ ಹೊಲಿಯುವವರು, ಇನ್ನೊಂದು ಪಕ್ಕ ಸ್ಟೌ ರಿಪೇರಿ, ನಡುವೆ ತಗಡಿನ ಬಾಗಿಲು. ನಡೆಸುವವರು ನಿವೃತ್ತ ಶಾಲಾ ಮಾಸ್ತರರು. ಹೆಸರು ಬರೆದರೆ ಗಿರಾಕಿಗಳು ಹೆಚ್ಚಾಗಿಬಿಡುತ್ತಾರೆ ಎಂದು ಅವರಿಗೆ ಭಯವಿರುವುದರಿಂದ ನಾನೂ ಬರೆಯುವುದಿಲ್ಲ.

ಮುಂದಿನ ಸಾಲಿನಲ್ಲಿರುವುದೆಲ್ಲ ಸ್ಪರ್ಧಾತ್ಮಕ ಪರೀಕ್ಷೆಯ ಗೈಡುಗಳು. ಅಂಗಡಿಯ ಹೊಟ್ಟೆ ತುಂಬುವುದು ಅವುಗಳಿಂದಲೇ. ನಾನು ಹೇಳಹೊರಟಿರುವುದು ಹಿಂದಿನ ಮೂಲೆಯಲ್ಲಿ, ಹಳೆಯ ಛತ್ರಿಯ ಬಟ್ಟೆಯನ್ನೇ ಪರದೆಯಾಗಿ ಇಳಿಬಿಟ್ಟಿರುವ ಕಪಾಟಿನ ಬಗ್ಗೆ. ಅದರ ಮೇಲೆ ‘ದೊಡ್ಡವರಿಗೆ ಮಾತ್ರ’ ಎಂಬ ಚೀಟಿ ಅಂಟಿಸಿದ್ದಾರೆ. ಬೇರೇನನ್ನೋ ಬಯಸಿ ಒಳಗೆ ಕೈ ಹಾಕುವ ಕಾಲೇಜು ಹುಡುಗರು ಎರಡು ಪುಟ ತಿರುವಿ, ಮೋಸ ಹೋದವರ ಮುಖ ಮಾಡಿಕೊಂಡು ಹೊರಟುಬಿಡುತ್ತಾರೆ. ಅಲ್ಲಿರುವುದು ಪಾಳು ಮನೆ, ಉಯಿಲು, ವಿಷ, ಹೆಣ, ಹಾಗೂ ಇವುಗಳ ನಡುವೆ ನಗು ತರಿಸುವ ಕಥೆಗಳು.

ಇಂಥ ಪುಸ್ತಕಗಳ ಬಗ್ಗೆ ಮಾತನಾಡಲು ನನಗಿರುವ ಅರ್ಹತೆ ಒಂದೇ. ಇಪ್ಪತ್ತಾರು ವರ್ಷ ಜನನ–ಮರಣ ನೋಂದಣಿಯ ಮೇಜಿನ ಹಿಂದೆ ಕುಳಿತವನು ನಾನು. 1969ರ ಕಾಯ್ದೆಯ ಪ್ರಕಾರ ಸಾವನ್ನು 21 ದಿನಗಳೊಳಗೆ ತಿಳಿಸಬೇಕು, ಮೀರಿದರೆ ತಡ ಶುಲ್ಕ, ವರ್ಷ ದಾಟಿದರೆ ಮ್ಯಾಜಿಸ್ಟ್ರೇಟರ ಆದೇಶ. ಒಮ್ಮೆ ತಂದೆಯ ಸಾವನ್ನು ಬರೆಸಲು ಬಂದ ಮಗನ ಹೆಸರನ್ನೇ ನಾನು ಮೃತರ ಕಾಲಮಿನಲ್ಲಿ ಬರೆದುಬಿಟ್ಟೆ. ವಾರದ ನಂತರ ಆತ ಪ್ರಮಾಣಪತ್ರ ಹಿಡಿದು ಬಂದು, ಸಿಟ್ಟಾಗದೆ, ‘ಸಾಹೇಬರೇ, ನಾನು ಹೋದದ್ದು ಬೆಳಿಗ್ಗೆಯೋ ಸಂಜೆಯೋ?’ ಎಂದು ಕೇಳಿದ. 15ನೇ ಕಲಮಿನ ಪ್ರಕಾರ ತಿದ್ದುಪಡಿ ಮಾಡಿ ಅವನನ್ನು ಬದುಕಿಸಿಕೊಟ್ಟೆ. ಅಂದಿನಿಂದ ಸಾವಿನಲ್ಲಿ ನಗುವಿಗೆ ಜಾಗವಿಲ್ಲ ಎನ್ನುವವರನ್ನು ನಾನು ನಂಬಿಲ್ಲ.

ಮಾಸ್ತರರು ಪುಸ್ತಕವನ್ನು ನಾವು ಆರಿಸಲು ಬಿಡುವುದಿಲ್ಲ. ಏನು ಕೆಲಸ, ಮನೆಯಲ್ಲಿ ಯಾರಿದ್ದಾರೆ, ರಾತ್ರಿ ನಿದ್ರೆ ಬರುತ್ತದೆಯೇ ಎಂದೆಲ್ಲ ವಿಚಾರಿಸಿದ ಮೇಲೆ, ಪರದೆಯೊಳಗೆ ಕೈ ತೂರಿಸಿ ಒಂದನ್ನು ಎಳೆಯುತ್ತಾರೆ. ನನಗೆ ಮೊದಲು ಬಂದದ್ದು ಇಂಗ್ಲಿಷ್ ಲೇಖಕ ಹೊರೇಸ್ ವಾಲ್ಪೋಲ್‌ನ ‘ದಿ ಕ್ಯಾಸಲ್ ಆಫ್ ಒಟ್ರಾಂಟೊ’. 1764ರಲ್ಲಿ ಅಚ್ಚಾದಾಗ ಇದು ಇಟಲಿಯ ಹಳೆಯ ಗ್ರಂಥದ ಅನುವಾದ ಎಂದು ಸುಳ್ಳು ಹೇಳಲಾಗಿತ್ತು. ಮರುವರ್ಷದ ಮುದ್ರಣದಲ್ಲಿ ವಾಲ್ಪೋಲ್ ತಪ್ಪೊಪ್ಪಿಕೊಂಡು, ‘ಗೋಥಿಕ್ ಕಥೆ’ ಎಂಬ ಉಪಶೀರ್ಷಿಕೆ ಸೇರಿಸಿದ. ಅಂದರೆ ಪಾಳು ಕೋಟೆ, ಭೂತ, ಭಯಗಳ ಈ ಗೋಥಿಕ್ ಕಥೆಗಳ ಮನೆತನದ ಮೂಲಪುರುಷನೇ ಖೊಟ್ಟಿ ದಾಖಲೆ! ಕಥೆಯ ಆರಂಭದಲ್ಲೇ, ಮದುವೆಯ ದಿನ, ಎಲ್ಲಿಂದಲೋ ಬಿದ್ದ ದೈತ್ಯ ಶಿರಸ್ತ್ರಾಣದ ಕೆಳಗೆ ಮದುಮಗ ಜಜ್ಜಿಹೋಗುತ್ತಾನೆ. ಅಪ್ಪನಾದವನು ಹೆಂಡತಿಯನ್ನು ಬಿಟ್ಟು, ಸೊಸೆಯಾಗಬೇಕಿದ್ದವಳನ್ನು ತಾನೇ ಮದುವೆಯಾಗಲು ಹೊರಡುತ್ತಾನೆ. ನಾನು ಮಾತ್ರ ಮರಣದ ಕಾರಣದ ಕಾಲಮಿನಲ್ಲಿ ಏನು ಬರೆಯುವುದು ಎಂಬಲ್ಲೇ ಎರಡು ದಿನ ನಿಂತುಬಿಟ್ಟೆ. ಅಪಘಾತವೆನ್ನಬೇಕೇ, ತನಿಖೆಯಲ್ಲಿದೆ ಎನ್ನಬೇಕೇ?

ಆ ಪುಸ್ತಕದ ಉಳಿದ ಭಾಗವನ್ನು ಸಂಜೆ ಹೊತ್ತು, ಬಹಮನಿ ಸುಲ್ತಾನರ ಗೋರಿಗಳಿರುವ ಹಫ್ತ್ ಗುಂಬಜ್‌ನ ಕಟ್ಟೆಯ ಮೇಲೆ ಕುಳಿತು ಮುಗಿಸಿದೆ. ಓದಲು ಅದಕ್ಕಿಂತ ಒಳ್ಳೆಯ ಜಾಗ ಊರಿನಲ್ಲಿಲ್ಲ. 1378ರಲ್ಲಿ ಬಹಮನಿ ಸುಲ್ತಾನ ಮುಜಾಹಿದ್ ಶಾನನ್ನು ಅದೇ ಮನೆತನದ ದಾವೂದ್ ಕೊಲ್ಲಿಸಿ ಗದ್ದುಗೆ ಹತ್ತಿದ. ಅದೇ ವರ್ಷ ದಾವೂದನೂ ಕೊಲೆಯಾದ. ಇಬ್ಬರ ಗೋರಿಗಳೂ ಆ ಒಂದೇ ಆವರಣದಲ್ಲಿವೆ. ಕೊಂದವನಿಗೂ ಕೊಲೆಯಾದವನಿಗೂ ಒಂದೇ ನೆರಳು, ಒಂದೇ ಕಾವಲುಗಾರ. ಸಂಜೆ ಅವನು ಸೀಟಿ ಊದಿ ಎಬ್ಬಿಸುವುದು ನಮ್ಮಂಥ ಬದುಕಿದ್ದವರನ್ನು ಮಾತ್ರ.

ಈಗ ತಕರಾರುಗಳು. ಅಂಗಡಿಗೆ ತಗಡಿನ ಮಾಡು, ಫ್ಯಾನಿಲ್ಲ. ಮೇ ತಿಂಗಳಿನಲ್ಲಿ ಮಾಸ್ತರರು ಪುಸ್ತಕ ಆರಿಸಿಕೊಡುವಷ್ಟರಲ್ಲಿ ಅಂಗಿ ಬೆನ್ನಿಗೆ ಅಂಟಿರುತ್ತದೆ. ಇಂಗ್ಲಿಷ್ ಕಥೆಗಳಲ್ಲಿ ದೆವ್ವ ಬರಬೇಕಾದರೆ ಮಂಜು ಬೇಕು, ಮೇಣದಬತ್ತಿ ಬೇಕು, ಮಳೆ ಬೇಕು. ನಮ್ಮ ದೆವ್ವಗಳಿಗೆ ಮಟಮಟ ಮಧ್ಯಾಹ್ನವೇ ಸಾಕು ಎನ್ನುವುದು ಈ ಅಂಗಡಿಯಲ್ಲಿ ಹತ್ತು ನಿಮಿಷ ನಿಂತರೆ ಅರ್ಥವಾಗುತ್ತದೆ. ಇನ್ನೊಂದು ತಕರಾರು, ಹಲವು ಪುಸ್ತಕಗಳಿಗೆ ಕೊನೆಯ ಪುಟಗಳಿಲ್ಲ. ಕೇಳಿದರೆ ಮಾಸ್ತರರು ಕೊನೆಯನ್ನು ಬಾಯಿಯಲ್ಲೇ ಹೇಳುತ್ತಾರೆ, ಅದಕ್ಕೆ ಹಣವಿಲ್ಲ. ನನಗೆ ಹೇಳಿದ ಒಂದು ಕೊನೆಯಲ್ಲಿ ಅತ್ತೆ ನೆಲಮಾಳಿಗೆಯಲ್ಲಿ ಸಿಕ್ಕಿಹಾಕಿಕೊಂಡಿದ್ದಳು. ಅದೇ ಪುಸ್ತಕ ಓದಿದ ಪಕ್ಕದ ಓಣಿಯ ಔಷಧಿ ಅಂಗಡಿಯವರಿಗೆ ಸಿಕ್ಕ ಕೊನೆಯಲ್ಲಿ ಸೊಸೆ ಸಿಕ್ಕಿಹಾಕಿಕೊಂಡಿದ್ದಳು. ವಿಚಾರಿಸಿದಾಗ ಮಾಸ್ತರರು, ‘ಅವರ ಮನೆಯಲ್ಲಿ ತಾಯಿಯವರ ಮಾತು ನಡೆಯುತ್ತದೆ’ ಎಂದರು.

ಎಲ್ಲ ಪುಸ್ತಕಗಳೂ ಚೆನ್ನಾಗಿವೆ ಎಂದೇನಿಲ್ಲ. ಸಾಲು ಸಾಲಿಗೂ ಓದುಗನ ಪಕ್ಕೆ ತಿವಿದು ‘ನಕ್ಕಿರಾ?’ ಎಂದು ಕೇಳುವ ಭೂತಕಥೆಗಳು ಮೂರ್ನಾಲ್ಕಿವೆ. ಅವು ಬೇಡ. ಕೇಳಬೇಕಾದದ್ದು ಹದಿನೇಳನೇ ನಂಬರನ್ನು. ರಟ್ಟು ಹರಿದು, ಹೆಸರಿನ ಪುಟವೂ ಹೋಗಿ, ಯಾರು ಬರೆದದ್ದೆಂದೇ ತಿಳಿಯದ ಕನ್ನಡ ಕಥೆಗಳ ಪುಸ್ತಕ. ಅದರಲ್ಲೊಂದು ಕಥೆ ಹಳೆಯ ವಾಡೆಯಲ್ಲಿ ಒಬ್ಬಳೇ ಇರುವ ವಿಧವೆಯದು. ಸತ್ತ ಗಂಡನಿಗೆ ದಿನವೂ ತಾಟು ಹಾಕುತ್ತಾಳೆ, ಅವನೂ ಬಂದು ಕೂರುತ್ತಾನೆ. ಬೇಳೆಗೆ ಉಪ್ಪು ಕಡಿಮೆ ಎನ್ನುತ್ತಾನೆ. ಮರುದಿನ ಹೆಚ್ಚು ಹಾಕುತ್ತಾಳೆ, ಆಗಲೂ ಕಡಿಮೆ ಎನ್ನುತ್ತಾನೆ. ಮೂವತ್ತು ವರ್ಷ ಕೇಳಿದ ಮಾತು ಸತ್ತ ಮೇಲೂ ನಿಲ್ಲಲಿಲ್ಲವಲ್ಲ ಎಂದು ಅವಳು ಒಂದು ರಾತ್ರಿ ಉಪ್ಪಿನ ಗಡಿಗೆಯನ್ನೇ ತಾಟಿನ ಮುಂದಿಟ್ಟು ಒಳಗೆ ಹೋಗಿ ಮಲಗುತ್ತಾಳೆ. ಬೆಳಗಾದಾಗ ಗಡಿಗೆ ಖಾಲಿ. ತಾಟಿನ ಬದಿಯಲ್ಲಿ ಬೆರಳಿನಿಂದ ಬರೆದ ಒಂದು ಪದ: ‘ನೀರು’. ಅಷ್ಟೇ ಕಥೆ. ಬರೆದವನು ಎಲ್ಲಿಯೂ ತುಟಿ ಸಡಿಲಿಸುವುದಿಲ್ಲ, ಅವಳು ಅಕ್ಕಿ ಆರಿಸುವುದನ್ನೂ ಗಂಡ ಗೋಡೆ ದಾಟಿ ಬರುವುದನ್ನೂ ಒಂದೇ ದನಿಯಲ್ಲಿ ಹೇಳಿಕೊಂಡು ಹೋಗುತ್ತಾನೆ.

ಈ ಪುಸ್ತಕ ನನ್ನ ಕೈಗೆ ಬಂದದ್ದು ತಡವಾಗಿ. ಮನೆಯಲ್ಲಿ ಸಾವಾದರೆ 21 ದಿನ ಈ ಕಪಾಟಿನ ಪುಸ್ತಕ ಕೊಡುವುದಿಲ್ಲ ಎಂಬುದು ಮಾಸ್ತರರ ನಿಯಮ. ಆ ಲೆಕ್ಕವನ್ನು ಅವರಿಗೆ ಕಲಿಸಿದವನು ನಾನೇ, ನನ್ನ ಕಾಯ್ದೆಯ ಮಾತು ಕೇಳಿ ಹಿಡಿದುಕೊಂಡರು. ಕಳೆದ ಚಳಿಗಾಲದಲ್ಲಿ ನನ್ನ ಅಣ್ಣ ತೀರಿಕೊಂಡರು. ಆ ದಿನವೂ ಒಂದು ತಮಾಷೆ ಆಯಿತು. ಅಣ್ಣನ ಮಗ, ‘ವಿಮಾನ ನಾಲ್ಕಕ್ಕೆ ಹೊರಡುತ್ತದೆ, ಮಣ್ಣಿಗೆ ಬರುವವರು ಬೇಗ ಬನ್ನಿ’ ಎಂದು ಎಲ್ಲರಿಗೂ ಸಂದೇಶ ಕಳಿಸಿದ. ನಮ್ಮಲ್ಲಿ ಹೆಣವನ್ನು ಕೂರಿಸಿ ಒಯ್ಯುವ ಬಿದಿರಿನ ಮಂಟಪಕ್ಕೆ ವಿಮಾನ ಎನ್ನುತ್ತಾರೆ. ಆದರೆ 2019ರಲ್ಲಿ ಊರಿಗೆ ವಿಮಾನ ನಿಲ್ದಾಣವೂ ಬಂದಿದೆಯಲ್ಲ, ಅವನ ಕಚೇರಿಯ ಮೈಸೂರಿನ ಗೆಳೆಯ ಫೋನ್ ಮಾಡಿ, ‘ನಾಲ್ಕು ಗಂಟೆಯ ವಿಮಾನ ಮೊಬೈಲಿನಲ್ಲಿ ತೋರಿಸುತ್ತಿಲ್ಲ, ಟಿಕೆಟ್ ಎಲ್ಲಿ ಸಿಗುತ್ತದೆ?’ ಎಂದ. ಹುಡುಗ ಫೋನನ್ನು ನನ್ನ ಕೈಗಿತ್ತು, ‘ಕಾಕಾ, ನೀವೇ ಹೇಳಿ’ ಎಂದು ಗೋಡೆಗೆ ಮುಖ ತಿರುಗಿಸಿ ನಿಂತ. ಅವನ ಭುಜ ಅಲುಗುತ್ತಿತ್ತು. ಅತ್ತನೋ ನಕ್ಕನೋ ಕೇಳಲಿಲ್ಲ.

ಹದಿನೈದನೇ ದಿನ ಅಂಗಡಿಗೆ ಹೋಗಿ, ಹದಿನೇಳನ್ನು ನನಗಾಗಿ ತೆಗೆದಿಟ್ಟಿದ್ದೀರಲ್ಲ, ಕೊಡಿ ಎಂದೆ. ಮಾಸ್ತರರು ಒಪ್ಪಲಿಲ್ಲ. ಹಳೆಯ ರೈಲ್ವೆ ವೇಳಾಪಟ್ಟಿಯೊಂದನ್ನು ಕೈಗಿತ್ತು, ‘ಸದ್ಯಕ್ಕೆ ಇದನ್ನು ಓದಿ’ ಎಂದರು. ನಿಜಕ್ಕೂ ಸಿಟ್ಟು ಬಂತು. ಬೇಕಾದ ಹೊತ್ತಿನಲ್ಲಿ ಔಷಧಿ ಕೊಡದೆ, ಗುಣವಾದ ಮೇಲೆ ಬನ್ನಿ ಎಂದಂತಾಯಿತು. ಈ ನಿಯಮಕ್ಕಾಗಿ ನಾನು ಅವರಿಗೆ ಒಂದು ನಕ್ಷತ್ರ ಕಡಿಮೆ ಕೊಡುತ್ತಿದ್ದೇನೆ, ಇದನ್ನು ಅವರ ಮುಂದೆಯೇ ಹೇಳಿದ್ದೇನೆ.

ಇಪ್ಪತ್ತೆರಡನೇ ದಿನ ಬೆಳಿಗ್ಗೆ ಅಂಗಡಿ ತೆರೆಯುವ ಮೊದಲೇ ನಿಂತಿದ್ದೆ. ಪರದೆಯ ಹಿಂದೆ ಹದಿನೇಳು ಇರಲಿಲ್ಲ. ಮಾಸ್ತರರು ವಹಿ ತೆಗೆದರು. ಐದನೇ ದಿನವೇ ಹೋಗಿದೆ, ಒಬ್ಬ ಹುಡುಗ ಬಂದು ‘ಅಜ್ಜಿ ನಂಬರ್ ಹೇಳಿ ಕಳಿಸಿದ್ದಾರೆ’ ಎಂದು ಒಯ್ದಿದ್ದಾನೆ. ನನಗಾಗಿ ಇಟ್ಟದ್ದನ್ನೇ, ಮನೆಯಲ್ಲಿ ಯಾರಿದ್ದಾರೆಂದು ಕೇಳದೆ, ನಂಬರ್ ಕೇಳಿದ ಗಡಿಬಿಡಿಯಲ್ಲಿ ಕೊಟ್ಟುಬಿಟ್ಟಿದ್ದಾರೆ. ಹುಡುಗನ ಹೆಸರಿನ ಮುಂದೆ ಬರೆದಿದ್ದ ವಿಳಾಸ ನಮ್ಮ ಅಣ್ಣನ ಮನೆಯದು. ಆ ನಂಬರನ್ನು ನಾನೇ ಎಂದೋ ಊಟಕ್ಕೆ ಕುಳಿತಾಗ ವೈನಿಯವರ, ಅಂದರೆ ಅಣ್ಣನ ಹೆಂಡತಿಯ, ಮುಂದೆ ಹೇಳಿದ್ದೆ.

ಅಲ್ಲಿಗೆ ಹೋದೆ. ವೈನಿಯವರು ಒಳಕೋಣೆಯಲ್ಲಿ ಸೆರಗನ್ನು ಬಾಯಿಗೆ ಒತ್ತಿ ಹಿಡಿದು ಕುಳಿತಿದ್ದರು, ಮೈಯೆಲ್ಲ ಅಲುಗುತ್ತಿತ್ತು. ಹೊರಗೆ ಕುಳಿತಿದ್ದ ನೆಂಟರು, ‘ಎರಡು ವಾರದಿಂದ ಹೀಗೆಯೇ, ದುಃಖ ಇಳಿದಿಲ್ಲ’ ಎಂದು ನನಗೆ ಪಿಸುಗುಟ್ಟಿದರು. ಮಡಿಲಲ್ಲಿ ಹದಿನೇಳು ತೆರೆದಿತ್ತು, ಉಪ್ಪಿನ ಗಡಿಗೆಯ ಪುಟ. ಅಣ್ಣ ನಲವತ್ತು ವರ್ಷ ಅದೇ ಮನೆಯಲ್ಲಿ ಊಟಕ್ಕೆ ಕುಳಿತು ಅದೇ ಮಾತು ಹೇಳುತ್ತಿದ್ದರು. ‘ಇನ್ನೊಂದು ಸಲ ಓದಿ ಕೊಡುತ್ತೇನೆ, ಬಾಗಿಲು ಎಳೆದುಕೊಂಡು ಹೋಗಿ’ ಎಂದರು ವೈನಿಯವರು.

ಠೇವಣಿ 200 ರೂಪಾಯಿ, ವಾರಕ್ಕೆ ಬಾಡಿಗೆ 15, ತಡವಾದರೆ ದಿನಕ್ಕೆ 2. ಭಾನುವಾರ ರಜೆ. ಅಣ್ಣನ ಸಾವನ್ನು ಮೂರನೇ ದಿನವೇ ನೋಂದಾಯಿಸಿದ್ದ ನಾನು, ಅಂದು ಸಂಜೆ ಹತ್ತು ದಿನದ ತಡ ಶುಲ್ಕ 20 ರೂಪಾಯಿ ಕಟ್ಟಿ ರಸೀದಿ ಪಡೆದೆ.